ಗೊಂದಲ ಮತ್ತು ಗೋಂಧಳ್: ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಗೆ ಬಂದ ಕನ್ನಡಿಗರ ಕಿವಿಗೆ ಬೇಗ ಬೀಳುವ ಮರಾಠಿ ಪದಗಳಲ್ಲಿ ಗೋಂಧಳ್ ಒಂದು. ಬಸ್ಸಿನಲ್ಲಿ ಕಂಡಕ್ಟರ್ 'ಗೋಂಧಳ್ ಘಾಲೂ ನಕಾ' ಅಂತಾರೆ. ಪೇಪರಿನ ಮೊದಲ ಪುಟದಲ್ಲಿ ಗೋಂಧಳ್ ಇರುತ್ತದೆ. ಮದುವೆ ಮುಗಿದ ಮನೆಯವರು ಬಂದು 'ನಮ್ಮಲ್ಲಿ ಗೋಂಧಳ್ ಇದೆ, ಊಟಕ್ಕೆ ಬನ್ನಿ' ಅಂತ ಕರೆಯುತ್ತಾರೆ. ಬೆಂಗಳೂರಿನಿಂದ ಕೆಲಸಕ್ಕೆ ಬಂದವರು, ಧಾರವಾಡದಿಂದ ಓದಲು ಬಂದವರು, ಇಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹೋಟೆಲಿನವರ ಮಕ್ಕಳು, ಎಲ್ಲರೂ ಈ ಪದದ ಬಗ್ಗೆ ಕೇಳುತ್ತಿರುತ್ತಾರೆ. ಆ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಇಲ್ಲಿದೆ.

ಗೋಂಧಳ್ ಅಂದ್ರೆ ನಮ್ಮ ಗೊಂದಲವೇ ಅಲ್ವಾ?

ಪದ ಒಂದೇ, ಬಳಕೆ ಬೇರೆ. ಕನ್ನಡದಲ್ಲಿ ಈಗ ಗೊಂದಲ ಅಂದರೆ ಹೆಚ್ಚಾಗಿ ತಲೆಯೊಳಗಿನ ಸಂಗತಿ. ಯಾವ ಕೋರ್ಸ್ ತಗೋಬೇಕು ಅನ್ನುವ ಗೊಂದಲ, ಹೋಗಬೇಕೋ ಬೇಡವೋ ಅನ್ನುವ ಗೊಂದಲ. ಮರಾಠಿಯಲ್ಲೂ ಈ ಅರ್ಥ ಇದೆ. ಅದರ ಜೊತೆಗೆ ಇನ್ನೆರಡು ಅರ್ಥ ಬಲವಾಗಿ ಉಳಿದಿವೆ. ಒಂದು, ಕೂಗಾಟ, ಗದ್ದಲ. ಇನ್ನೊಂದು, ದೇವಿಯ ಹೆಸರಿನಲ್ಲಿ ರಾತ್ರಿ ನಡೆಯುವ ಪೂಜೆ, ಹಾಡು, ಕಥೆ.

ಉತ್ತರ ಕರ್ನಾಟಕದವರಿಗೆ ಈ ಪೂಜೆ ಹೊಸದಲ್ಲ. 'ನಮ್ಮನ್ಯಾಗ ಮದುವಿ ಆದಮ್ಯಾಗ ಗೊಂದಲ ಹಾಕಸ್ತೇವ್ರಿ' ಅಂತ ವಿಜಯಪುರ, ಬಾಗಲಕೋಟೆ ಕಡೆಯವರು ಸಹಜವಾಗಿ ಹೇಳುತ್ತಾರೆ. ಬೆಂಗಳೂರು, ಮೈಸೂರು ಕಡೆಯವರಿಗೆ ಮಾತ್ರ ಈ ಮಾತು ಕೇಳಿ ಆಶ್ಚರ್ಯ. ಗೊಂದಲವನ್ನು ಯಾರಾದರೂ ಕರೆಸಿ ಹಾಕಿಸುತ್ತಾರಾ ಅಂತ ಕೇಳುತ್ತಾರೆ. ಹೌದು, ಹಾಕಿಸುತ್ತಾರೆ. ಮನೆಗೆ ಒಳ್ಳೆಯದಾಗಲಿ ಅಂತಲೇ ಹಾಕಿಸುತ್ತಾರೆ.

ಪಕ್ಕದ ಮನೆಯ ಕಾಕು (ಚಿಕ್ಕಮ್ಮ) 'ಶನಿವಾರ ಗೋಂಧಳ್ ಇದೆ, ಬನ್ನಿ' ಅಂದರು. ಅಲ್ಲಿ ಏನು ನಡೆಯುತ್ತದೆ?

ಖಂಡಿತ ಹೋಗಿ. ಮದುವೆ, ಮುಂಜಿ, ಮಗು ಹುಟ್ಟಿದ್ದು, ಹರಕೆ ತೀರಿದ್ದು, ಇಂಥ ಶುಭ ಸಂದರ್ಭದಲ್ಲಿ ಕುಲದೇವಿಗೆ ಸಲ್ಲಿಸುವ ಸೇವೆ ಇದು. ದೇವಿ ಅಂದರೆ ಮುಖ್ಯವಾಗಿ ತುಳಜಾಪುರದ ಭವಾನಿ, ಮಾಹೂರಿನ ರೇಣುಕೆ, ಕೊಲ್ಲಾಪುರದ ಅಂಬಾಬಾಯಿ. ಇದನ್ನು ನಡೆಸಿಕೊಡುವವರು ಗೋಂಧಳಿಗಳು. ನಮ್ಮ ಕಡೆ ಗೊಂದಲಿಗರು ಅನ್ನುತ್ತೇವೆ.

ಮೊದಲು ನೆಲ ಸಾರಿಸಿ ಮಣೆ ಅಥವಾ ಚೌರಂಗ ಇಡುತ್ತಾರೆ. ಅದರ ಮೇಲೆ ಬಟ್ಟೆ ಹಾಸಿ, ಧಾನ್ಯ ಹರಡಿ, ಕಲಶ ಇಡುತ್ತಾರೆ. ಕಲಶದ ಬಾಯಿಗೆ ವೀಳ್ಯದೆಲೆ, ಮೇಲೆ ತೆಂಗಿನಕಾಯಿ. ಸುತ್ತ ಅಡಿಕೆ, ಅರಿಶಿನ ಕೊಂಬು, ಉತ್ತತ್ತಿ, ಒಂದು ಖಣ, ಅಂದರೆ ರವಿಕೆ ಬಟ್ಟೆ. ಐದು ಕಬ್ಬು ಅಥವಾ ಜೋಳದ ದಂಟನ್ನು ಬುಡ ಅಗಲಿಸಿ ನಿಲ್ಲಿಸಿ, ತುದಿ ಒಟ್ಟಿಗೆ ಕಟ್ಟುತ್ತಾರೆ. ಅದು ದೇವಿಗೆ ಮಂಟಪ. ಪಕ್ಕದಲ್ಲಿ ಎಣ್ಣೆ ಹಾಕಿ ದೀವಟಿಗೆ ಹೊತ್ತಿಸುತ್ತಾರೆ. ಮರಾಠಿಯಲ್ಲಿ ಅದಕ್ಕೆ ದಿವಟೀ ಅನ್ನುತ್ತಾರೆ. ದೀವಟಿಗೆ ಇಲ್ಲದೆ ಗೋಂಧಳ್ ಇಲ್ಲ.

ಕೊಥ್ರೂಡಿನ ಒಂದು ಸೊಸೈಟಿಯಲ್ಲಿ ನಾನು ನೋಡಿದ ಗೋಂಧಳ್ ಪಾರ್ಕಿಂಗ್ ಜಾಗದಲ್ಲೇ ನಡೆಯಿತು. ಕಾರು, ಸ್ಕೂಟರುಗಳನ್ನೆಲ್ಲ ಹೊರಗೆ ಸರಿಸಿದ್ದರು. ಮುಖ್ಯ ಗೋಂಧಳಿ ಉದ್ದ ಅಂಗಿ ತೊಟ್ಟು, ಕೊರಳಿಗೆ ಕವಡೆಸರ ಹಾಕಿಕೊಂಡಿದ್ದರು. ಸಂಬಾಳ ಬಾರಿಸುವವರು ಸೊಂಟಕ್ಕೆ ಎರಡು ಚರ್ಮವಾದ್ಯಗಳ ಆ ಜೋಡಿ ಕಟ್ಟಿಕೊಂಡಿದ್ದರು. ಒಂದರ ದನಿ ಚುರುಕು, ಇನ್ನೊಂದರದ್ದು ದಪ್ಪ. ಎರಡು ಕೋಲುಗಳಲ್ಲಿ ಒಂದರ ತುದಿ ಬಾಗಿರುತ್ತದೆ. ಇನ್ನೊಬ್ಬರ ಕೈಯಲ್ಲಿ ತುಂತುಣಿ. ಕೆಳಗೆ ಚರ್ಮ ಬಿಗಿದ ಮರದ ಡಬ್ಬಿ, ಅದರ ಬದಿಗೆ ಒಂದು ಕೋಲು, ಚರ್ಮದಿಂದ ಕೋಲಿನ ತುದಿಗೆ ಎಳೆದ ಒಂದೇ ತಂತಿ. ಅದು ಹಾಡಿನುದ್ದಕ್ಕೂ ಬಿಡದೆ ಮಿಡಿಯುತ್ತಿತ್ತು.

ಆಮೇಲೆ ಕರೆಯುವುದು ಶುರುವಾಯಿತು. ತುಳಜಾಪುರದ ಭವಾನಿ ಗೋಂಧಳಕ್ಕೆ ಬಾ, ಮಾಹೂರಿನ ರೇಣುಕೆ ಗೋಂಧಳಕ್ಕೆ ಬಾ, ಕೊಲ್ಲಾಪುರದ ಅಂಬಾಬಾಯಿ ಬಾ, ಜೇಜುರಿಯ ಖಂಡೋಬಾ ಬಾ, ಪಂಢರಪುರದ ವಿಠೋಬಾ ಬಾ. ಊರಿನ ಹೆಸರು, ದೇವರ ಹೆಸರು, ಬಾ ಅನ್ನುವ ಕರೆ. ಪ್ರತಿ ಕರೆಗೂ ಸಂಬಾಳದ ಪೆಟ್ಟು. ನಡುನಡುವೆ ಎಲ್ಲರೂ 'ಉದೋ ಉದೋ' ಅಂತ ಕೂಗುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಬೆಳಗಾವಿ ಕಡೆಯ ಅಜ್ಜಿ ಕೂಡ ಕೂಗಿದರು. ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಜನ ಕೂಗುವುದೂ 'ಉಧೋ ಉಧೋ' ಅಂತಲೇ. ಆ ಯಲ್ಲಮ್ಮನೂ ರೇಣುಕೆಯೇ.

ದೇವರನ್ನೆಲ್ಲ ಕರೆದ ಮೇಲೆ ಕಥೆ. ಮುಖ್ಯ ಗೋಂಧಳಿ ಕಥೆ ಹೇಳುತ್ತಾ ಹೋಗುತ್ತಾರೆ. ಜೊತೆಗಾರರೊಬ್ಬರು ನಡುವೆ ಬಾಯಿ ಹಾಕಿ ಪ್ರಶ್ನೆ ಕೇಳಿ ಜನರನ್ನು ನಗಿಸುತ್ತಾರೆ. ಪುರಾಣದ ಕಥೆ ಇರಬಹುದು, ದೇವಿಯ ಭಕ್ತರ ಕಥೆ ಇರಬಹುದು. ಕೊನೆಗೆ ಆರತಿ, ಊಟ. ಬರಿಗೈಯಲ್ಲಿ ಹೋಗಬೇಡಿ. ಒಂದು ತೆಂಗಿನಕಾಯಿ ಅಥವಾ ಒಂದು ಖಣ ಸಾಕು. ಆರತಿ ಆಗುವ ಮೊದಲು ಎದ್ದು ಬರಬೇಡಿ.

ಪೂಜೆಯ ಹೆಸರು ಗಲಾಟೆಯ ಹೆಸರಾಗಿದ್ದು ಹೇಗೆ?

ಗೋಂಧಳದ ಕುಣಿತವೇ ಅಡ್ಡಾದಿಡ್ಡಿ, ಅದಕ್ಕೆ ಈ ಅರ್ಥ ಬಂತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಳಗೆ ಕೂತು ನೋಡಿದವರಿಗೆ ಗೊತ್ತು, ಅಲ್ಲಿ ಎಲ್ಲಕ್ಕೂ ಕ್ರಮ ಇದೆ. ಮೊದಲು ಚೌರಂಗ, ಆಮೇಲೆ ಕಲಶ, ಆಮೇಲೆ ದೀವಟಿಗೆ, ಕರೆ, ಕಥೆ, ಆರತಿ. ಯಾವುದೂ ಹಿಂದೆ ಮುಂದೆ ಆಗುವುದಿಲ್ಲ. ಯಾವ ದೇವರನ್ನು ಯಾವಾಗ ಕರೆಯಬೇಕು ಅನ್ನುವುದೂ ರೂಢಿಯಲ್ಲಿದೆ.

ನನಗೆ ಅನ್ನಿಸುವುದು ಇಷ್ಟು. ಗಲಾಟೆ ಅನ್ನುವ ಅರ್ಥ ಹುಟ್ಟಿದ್ದು ಮಂಟಪದ ಮುಂದೆ ಕೂತವರ ಬಾಯಲ್ಲಿ ಅಲ್ಲ, ದೂರದಿಂದ ಕೇಳಿಸಿಕೊಂಡವರ ಬಾಯಲ್ಲಿ. ರಾತ್ರಿ ಊರು ಮಲಗಿರುವಾಗ ಸಂಬಾಳದ ಸದ್ದು, ಹತ್ತಾರು ದೇವರ ಹೆಸರು, ಜನರ ಕೂಗು ಒಟ್ಟಿಗೆ ಕೇಳಿದರೆ ಏನೂ ಬಿಡಿಸಿ ತಿಳಿಯುವುದಿಲ್ಲ. 'ಅದೇನು ಗೋಂಧಳ್' ಅನ್ನುವ ಮಾತು ಅಲ್ಲಿಂದ ಎಲ್ಲ ಸದ್ದುಗದ್ದಲಕ್ಕೂ ಹಬ್ಬಿತು. ಗದ್ದಲದಿಂದ ಅವ್ಯವಸ್ಥೆಗೆ, ಅಲ್ಲಿಂದ ಮನಸ್ಸಿನ ತೊಳಲಾಟಕ್ಕೆ ಬಂತು. 19ನೇ ಶತಮಾನದ ಮೋಲ್ಸ್‌ವರ್ತ್ ಮರಾಠಿ ನಿಘಂಟಿನಲ್ಲೇ ದೇವಿಯ ಉತ್ಸವ ಮತ್ತು ಗದ್ದಲ ಎರಡೂ ಅರ್ಥ ಸಿಗುತ್ತವೆ. ಅಂದರೆ ಇದು ಈಚಿನ ಬದಲಾವಣೆ ಅಲ್ಲ.

ಪೂಜೆಯ ಮಾನ ಇದರಿಂದ ಕಡಿಮೆ ಆಗಲಿಲ್ಲ. 16ನೇ ಶತಮಾನದ ಸಂತ ಏಕನಾಥರು ತಮ್ಮ ಭಾರೂಡಗಳಲ್ಲಿ, ಅಂದರೆ ಜನಪದ ಧಾಟಿಯ ಹಾಡುಗಳಲ್ಲಿ, ಗೋಂಧಳದ ರೂಪವನ್ನೇ ತಗೊಂಡು ಭಕ್ತಿಯ ಮಾತು ಹೇಳಿದ್ದಾರೆ.

ಪೇಪರಿನಲ್ಲಿ 'ವಿಧಾನಸಭೇತ್ ಗೋಂಧಳ್' ಅಂತ ಓದಿದೆ. ಶಾಸಕರಿಗೆ ಏನು ಗೊಂದಲ ಆಯಿತು?

ಅವರಿಗೆ ಗೊಂದಲ ಆಗಿಲ್ಲ. ಅವರು ಗದ್ದಲ ಮಾಡಿದ್ದಾರೆ. ಇದೇ ಸುದ್ದಿ ಕನ್ನಡ ಪೇಪರಿನಲ್ಲಿ ಬಂದರೆ 'ಸದನದಲ್ಲಿ ಗದ್ದಲ, ಕೋಲಾಹಲ' ಅಂತ ಇರುತ್ತದೆ. ಕನ್ನಡಿಗರು ಹೆಚ್ಚಾಗಿ ಎಡವುವ ಜಾಗ ಇದು.

ಅರ್ಥ ಹಿಡಿಯಲು ಸುಲಭ ದಾರಿ ಇದೆ. ಗೋಂಧಳ್ ಪದವನ್ನೊಂದೇ ನೋಡಬೇಡಿ, ಅದರ ಮುಂದೆ ಬರುವ ಕ್ರಿಯಾಪದ ನೋಡಿ. 'ಗೋಂಧಳ್ ಘಾಲಣೇ' ಅಂದರೆ ಯಾರೋ ಬೇಕಂತಲೇ ಗಲಾಟೆ ಮಾಡುವುದು. ಮಕ್ಕಳಿಗೆ ಮೇಷ್ಟ್ರು ಹೇಳುವುದು, ಬಸ್ಸಿನಲ್ಲಿ ಕಂಡಕ್ಟರ್ ಹೇಳುವುದು ಇದನ್ನೇ. 'ಗೋಂಧಳ್ ಹೋಣೇ' ಅಂದರೆ ಎಡವಟ್ಟಾಗುವುದು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಅದಲುಬದಲಾದರೆ, ಮತದಾರರ ಪಟ್ಟಿಯಲ್ಲಿ ಹೆಸರು ತಪ್ಪಿದರೆ ಇದು. 'ಗೋಂಧಳ್ ಉಡಣೇ' ಅಂದರೆ ಒಬ್ಬ ವ್ಯಕ್ತಿ ತಬ್ಬಿಬ್ಬಾಗುವುದು. ಪೂಜೆಗೂ 'ಘಾಲಣೇ' ಬಳಸುತ್ತಾರೆ, ನಾವು 'ಹಾಕು' ಅನ್ನುವ ಹಾಗೆ. ಆದರೆ ಆಗ ಮಾತಿನಲ್ಲಿ ದೇವಿಯ ಹೆಸರೋ, ಮದುವೆಯ ಮಾತೋ ಬಂದೇ ಬರುತ್ತದೆ. ಹಾಗಾಗಿ ಕೇಳುವವರಿಗೆ ಗೊತ್ತಾಗುತ್ತದೆ.

ಹಾಗಾದ್ರೆ 'ನನಗೆ ಗೊಂದಲ ಆಗಿದೆ' ಅಂತ ಮರಾಠಿಯಲ್ಲಿ ಹೇಗೆ ಹೇಳಬೇಕು?

'ಮಾಝಾ ಗೋಂಧಳ್ ಉಡಾಲಾ' ಅನ್ನಿ, ಅಥವಾ 'ಮೀ ಗೋಂಧಳಲೋ' ಅನ್ನಿ. ಹೆಂಗಸರು 'ಮೀ ಗೋಂಧಳಲೇ' ಅನ್ನುತ್ತಾರೆ. ಕನ್ನಡದ ಜಾಡಿನಲ್ಲೇ ಹೋಗಿ 'ಮಲಾ ಗೋಂಧಳ್ ಆಹೇ' ಅಂದರೆ ಎದುರಿನವರಿಗೆ ಮಾತು ಅರ್ಧ ಮಾತ್ರ ತಲುಪುತ್ತದೆ. ಬ್ಯಾಂಕಿನಲ್ಲೋ ವಾರ್ಡ್ ಆಫೀಸಿನಲ್ಲೋ ಫಾರ್ಮ್ ತುಂಬುವಾಗ 'ಥೋಡಾ ಗೋಂಧಳ್ ಹೋತೋಯ್' ಅಂದರೂ ನಡೆಯುತ್ತದೆ. ಜನ ಕೈಯಿಂದ ಫಾರ್ಮ್ ತಗೊಂಡು ತಾವೇ ತೋರಿಸಿಕೊಡುತ್ತಾರೆ.

'ಸಾವಳಾ ಗೋಂಧಳ್' ಅಂದ್ರೆ ಏನು?

ಹೇಳುವವರು ಕೇಳುವವರು ಯಾರೂ ಇಲ್ಲದ ಪೂರ್ತಿ ಅಧ್ವಾನ. ಯಾವ ಕೆಲಸ ಯಾರದ್ದು ಅಂತ ಯಾರಿಗೂ ಗೊತ್ತಿಲ್ಲದ ಸ್ಥಿತಿ. ಮರಾಠಿ ಪತ್ರಿಕೆಗಳು ಆಡಳಿತವನ್ನು ಟೀಕಿಸುವಾಗ ಇದನ್ನು ತುಂಬಾ ಬಳಸುತ್ತವೆ. ಸಾವಳಾ ಅಂದರೆ ಕಪ್ಪು ಛಾಯೆಯದು, ಶ್ಯಾಮಲ. ಇದರಲ್ಲಿ ಟೀಕೆಯ ಖಾರ ಇದೆ. ಹಾಗಾಗಿ ಒಬ್ಬ ವ್ಯಕ್ತಿ ತಬ್ಬಿಬ್ಬಾದಾಗ ಈ ಮಾತು ಬಳಸಬೇಡಿ.

ಮರಾಠಿಯಲ್ಲಿ ಇನ್ನೂ ಎಷ್ಟೋ ಪದ ಕೇಳುತ್ತೇನೆ: ಘೋಳ್, ರಾಡಾ, ಲೋಚಾ, ಭಾನಗಡ್, ಗಡಬಡ್. ಎಲ್ಲ ಒಂದೇನಾ?

ಒಂದೇ ಅಲ್ಲ. ಘೋಳ್ ಅಂದರೆ ಲೆಕ್ಕ, ಕಾಗದ, ಏರ್ಪಾಡಿನಲ್ಲಿ ಆಗುವ ಎಡವಟ್ಟು. ಬೇಕಂತ ಮಾಡಿದ್ದಿರಬಹುದು, ತಪ್ಪಿ ಆದದ್ದಿರಬಹುದು. ಭಾನಗಡ್ ಅಂದರೆ ಒಳಗೊಳಗೆ ಏನೋ ನಡೆದಿರುವ ತಕರಾರು, ಉಸಾಬರಿ. ರಾಡಾ ಮತ್ತು ಲೋಚಾ ಮುಂಬೈ ಬೀದಿಯ ಪದಗಳು. ರಾಡಾ ಅಂದರೆ ಜಗಳ, ಹೊಡೆದಾಟ. ಲೋಚಾ ಅಂದರೆ ಎಲ್ಲೋ ಏನೋ ಕೆಟ್ಟಿದೆ. ಗೆಳೆಯರ ಜೊತೆ ಪರವಾಗಿಲ್ಲ, ಹಿರಿಯರ ಮುಂದೆ ಇವೆರಡೂ ಬೇಡ.

ಗಡಬಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಗಡಿಬಿಡಿ ಅಂದರೆ ಅವಸರ. ಮರಾಠಿಯ ಗಡಬಡ್ ಅವಸರವೂ ಹೌದು, ಸದ್ದೂ ಹೌದು. ಕ್ಲಾಸಿನಲ್ಲಿ 'ಗಡಬಡ್ ಕರೂ ನಕಾ' ಅಂದರೆ ನಿಧಾನ ಮಾಡಿ ಅಂತಲ್ಲ, ಸುಮ್ಮನಿರಿ ಅಂತ. ಹಿಂದಿಯವರ ಬಾಯಲ್ಲಿ ಅದೇ ಪದ ಬಂದರೆ ಏನೋ ತಪ್ಪಾಗಿದೆ ಅಂತ. ಪುಣೆಯ ಒಂದೇ ಆಫೀಸಿನಲ್ಲಿ ಮೂರೂ ಅರ್ಥ ಓಡಾಡುತ್ತಿರುತ್ತವೆ. 'ಯಾಕಿಷ್ಟು ಗಡಬಡ' ಅಂತ ನೀವು ಕೇಳಿದ್ದು ಅವಸರದ ಬಗ್ಗೆ ಆದರೆ, ಅದನ್ನು ಬಿಡಿಸಿ ಹೇಳಿ. ಇನ್ನು ಮಂಗಳೂರು, ಉಡುಪಿ ಕಡೆಯ ಗಡ್‌ಬಡ್ ಐಸ್‌ಕ್ರೀಮ್ ಗೊತ್ತಲ್ವಾ? ಉದ್ದ ಲೋಟದಲ್ಲಿ ಐಸ್‌ಕ್ರೀಮ್, ಹಣ್ಣು, ಜೆಲ್ಲಿ, ಗೋಡಂಬಿ ಎಲ್ಲ ಪದರ ಪದರವಾಗಿ ತುಂಬಿರುತ್ತದೆ. ಕರಾವಳಿಯವರಿಗೆ ಈ ಪದ ಕೇಳಿದರೆ ಮೊದಲು ನೆನಪಾಗುವುದು ಅದೇ.

ಕನ್ನಡದಲ್ಲಿ ಎಲ್ಲದಕ್ಕೂ ಗೊಂದಲ ಅಂದರೆ ತಪ್ಪಾ?

ತಪ್ಪೇನಿಲ್ಲ. ಆದರೆ ಬಡತನ. ನಮ್ಮಲ್ಲಿ ಇಷ್ಟು ಚೆಂದದ ಪದಗಳು ಇರುವಾಗ ಒಂದನ್ನೇ ಎಲ್ಲ ಕಡೆ ತಿಕ್ಕುವುದು ನನಗೆ ಬೇಸರ ತರುತ್ತದೆ. ಊರು ಬಿಟ್ಟು ಬಂದವರಲ್ಲಿ ಇದು ಬೇಗ ಆಗುತ್ತದೆ. ದಿನವಿಡೀ ಮರಾಠಿ, ಹಿಂದಿ, ಇಂಗ್ಲಿಷ್ ಆಡಿ ಮನೆಗೆ ಬಂದಾಗ ಬಾಯಿಗೆ ಮೊದಲು ಬರುವ ಒಂದೇ ಪದ ಉಳಿಯುತ್ತದೆ. ಅದೂ ಹೋಗಿ ಕನ್‌ಫ್ಯೂಷನ್ ಬರುತ್ತದೆ.

ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ನಿಮ್ಮ ಬಸ್ಸು ಬೇರೆ ಕಡೆ ನಿಂತಿದೆ ಅಂತ ಕೊನೇ ಗಳಿಗೆಯಲ್ಲಿ ಗೊತ್ತಾಗಿ ಜನರೆಲ್ಲ ಚೀಲ ಎತ್ತಿಕೊಂಡು ಓಡಿದರೆ ಅದು ಗಲಿಬಿಲಿ. ಗಲಿಬಿಲಿ ಹಠಾತ್ತಾಗಿ ಬರುತ್ತದೆ, ಬೇಗ ಇಳಿಯುತ್ತದೆ. ತುಳಶಿಬಾಗ್‌ನ ಓಣಿಯಲ್ಲಿ ಹಬ್ಬದ ಹಿಂದಿನ ದಿನ ಕಾಣುವುದು ಗಜಿಬಿಜಿ. ಬಳೆ, ಪಾತ್ರೆ, ಸೀರೆ, ಜನ, ಕೂಗು ಎಲ್ಲ ಒಂದರ ಮೇಲೊಂದು. ಅಲ್ಲಿ ಯಾರ ತಲೆಯೂ ಕೆಟ್ಟಿರುವುದಿಲ್ಲ, ಕಣ್ಣಿಗೆ ಕಿವಿಗೆ ಜಾಸ್ತಿ ಆಗಿರುತ್ತದೆ, ಅಷ್ಟೇ.

ಗೋಜಲು ಬೇರೆ. ನೂಲು ಸಿಕ್ಕಾದಾಗ ಹೇಳುವ ಪದ ಇದು. ಊರಿನ ಹೊಲದ ಪಹಣಿಯಲ್ಲಿ ಅಜ್ಜನ ಹೆಸರು, ಇಬ್ಬರು ದೊಡ್ಡಪ್ಪಂದಿರ ಹೆಸರು, ತೀರಿಹೋದ ಚಿಕ್ಕಪ್ಪನ ಹೆಸರು ಹಾಗೇ ಉಳಿದು, ಯಾರ ಪಾಲು ಎಷ್ಟು ಅಂತ ತಿಳಿಯದೆ ಹೋದರೆ ಅದು ಗೋಜಲು. ಮಹಾರಾಷ್ಟ್ರದಲ್ಲಿ ಆಸ್ತಿ ಇದ್ದರೆ ಸಾತ್‌ಬಾರಾ ಪತ್ರದಲ್ಲೂ ಇದೇ ಪಾಡು. ಗೊಂದಲ ಒಂದು ಮಾತಿನಲ್ಲಿ ಬಗೆಹರಿಯಬಹುದು. ಗೋಜಲನ್ನು ಮಾತ್ರ ಕೂತು ಎಳೆ ಎಳೆಯಾಗಿ ಬಿಡಿಸಬೇಕು. 'ಅದರ ಗೋಜಿಗೆ ಹೋಗಬೇಡ' ಅನ್ನುವ ಮಾತೂ ನಮ್ಮಲ್ಲಿ ಇದೆಯಲ್ಲ.

ತಬ್ಬಿಬ್ಬು, ಕಕ್ಕಾಬಿಕ್ಕಿ ಎರಡೂ ಮನುಷ್ಯರಿಗೆ ಮಾತ್ರ. ಕೇಳಿದ ಪ್ರಶ್ನೆಗೆ ಮಾತು ಹೊರಡದಿದ್ದರೆ ತಬ್ಬಿಬ್ಬು. ಏನೋ ನಡೆದು ಮುಖದ ಬಣ್ಣವೇ ಬದಲಾದರೆ ಕಕ್ಕಾಬಿಕ್ಕಿ. ಆಫೀಸು, ಲೆಕ್ಕಪತ್ರ, ಯೋಜನೆ ಇವು ಕಕ್ಕಾಬಿಕ್ಕಿ ಆಗುವುದಿಲ್ಲ.

ಕಲಸುಮೇಲೋಗರ ನನಗೆ ತುಂಬಾ ಇಷ್ಟದ ಪದ. ಮೇಲೋಗರ ಅಂದರೆ ಅನ್ನದ ಜೊತೆ ಬಡಿಸುವ ವ್ಯಂಜನ. ಅದನ್ನೂ ಇದನ್ನೂ ಕಲಸಿ ಯಾವುದರ ರುಚಿಯೂ ಬೇರೆಯಾಗಿ ಸಿಗದ ಹಾಗೆ ಮಾಡಿದರೆ ಕಲಸುಮೇಲೋಗರ. ವಿಷಯಗಳು ಬೆರೆತು ಹೋದಾಗ ಇದನ್ನು ಬಳಸಿ. ಜನ ದಿಕ್ಕೆಟ್ಟು ಓಡುವಾಗ ಬೇಡ.

ಇವೆಲ್ಲ ಬಿಟ್ಟು ಗೊಂದಲಕ್ಕೆ ಉಳಿಯುವ ಜಾಗ ಯಾವುದು? ಎರಡು ಮೂರು ದಾರಿ ಇದ್ದು ಯಾವುದು ಸರಿ ಅಂತ ತೀರ್ಮಾನ ಆಗದ ಸ್ಥಿತಿ. ಆದೇಶ ಒಂದು ಹೇಳುತ್ತದೆ, ಅಧಿಕಾರಿ ಇನ್ನೊಂದು ಹೇಳುತ್ತಾರೆ, ಕೇಳಲು ಬಂದವರು ನಡುವೆ ನಿಲ್ಲುತ್ತಾರೆ. ಅಲ್ಲಿ ಗೊಂದಲ ಅನ್ನುವ ಪದ ಸರಿಯಾಗಿ ಕೂರುತ್ತದೆ.

ಈ ಪದ ಮರಾಠಿಯಿಂದ ಕನ್ನಡಕ್ಕೆ ಬಂತಾ, ಕನ್ನಡದಿಂದ ಮರಾಠಿಗೆ ಹೋಯಿತಾ?

ಪುಣೆಯ ಗೆಳೆಯರ ನಡುವೆ ಇದು ಆಗಾಗ ಪಂದ್ಯವಾಗಿಬಿಡುತ್ತದೆ. ಹಾಗೆ ಆಗಬಾರದು ಅಂತ ನನ್ನ ಆಸೆ. ಏಕೆಂದರೆ ಇತಿಹಾಸ ಈ ಎರಡು ನಾಡನ್ನು ಈಗಿನ ಗಡಿಯ ಹಾಗೆ ಸೀಳಿ ಇಟ್ಟಿರಲಿಲ್ಲ.

12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಇದ್ದ. ಭೂಲೋಕಮಲ್ಲ ಅಂತ ಬಿರುದು. ಅವನ ಕಲ್ಯಾಣವೇ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನು ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ಅಡುಗೆ, ಆನೆ, ಸಂಗೀತ, ಕುಣಿತ ಎಲ್ಲ ಇರುವ ಗ್ರಂಥ ಅದು. ಅದರಲ್ಲಿ ಗೋಂಡಲಿ ಅನ್ನುವ ಒಂದು ಕುಣಿತದ ಮಾತು ಬರುತ್ತದೆ. 13ನೇ ಶತಮಾನದಲ್ಲಿ ಕಾಕತೀಯರ ಸೇನಾನಿ ಜಾಯಸೇನಾಪತಿ ನೃತ್ತರತ್ನಾವಳಿ ಬರೆದ. ಅವನು ಇದರ ಕಥೆಯನ್ನೇ ಹೇಳುತ್ತಾನೆ. ಕಲ್ಯಾಣದಲ್ಲಿ ಭೂತಮಾತೃ ಉತ್ಸವ ನಡೆಯುವಾಗ ಭಿಲ್ಲ ಬುಡಕಟ್ಟಿನವರ ವೇಷ ತೊಟ್ಟ ಹೆಣ್ಣೊಬ್ಬಳು ಕುಣಿದಳು. ಸೋಮೇಶ್ವರ ನೋಡಿ ಮೆಚ್ಚಿದ. ಭಿಲ್ಲ ಹೆಣ್ಣನ್ನು ಮಹಾರಾಷ್ಟ್ರದಲ್ಲಿ ಗೋಂಡಿನಿ ಅನ್ನುತ್ತಾರೆ, ಅದರಿಂದ ಈ ಕುಣಿತಕ್ಕೆ ಗೋಂಡಲಿ ಅಂತ ಹೆಸರಾಯಿತು ಅನ್ನುತ್ತಾನೆ. ಕನ್ನಡದ ರಾಜಧಾನಿ, ಮಹಾರಾಷ್ಟ್ರದ ಮಾತು, ಅದನ್ನು ಬರೆದಿಟ್ಟವನು ತೆಲುಗು ನಾಡಿನವನು. ಈ ಗೋಂಡಲಿಯೇ ಮುಂದೆ ಗೋಂಧಳ್ ಆಯಿತು ಅನ್ನುವುದು ಒಂದು ವಾದ.

ಇನ್ನೊಂದು ಕಡೆ ಹಳಗನ್ನಡದಲ್ಲಿ ಗೊಂದಣ ಅನ್ನುವ ಪದ ಇದೆ. ಗುಂಪು, ಸಮೂಹ ಅಂತ ಅರ್ಥ. ಜನ ಗುಂಪುಗೂಡಿದಲ್ಲಿ ಸದ್ದು ಇದ್ದೇ ಇರುತ್ತದೆ. ಹಾಗಾಗಿ ನಮ್ಮ ಗೊಂದಲಕ್ಕೆ ಈ ಕಡೆಯಿಂದಲೂ ನಂಟು ಹೇಳುವವರಿದ್ದಾರೆ. ಎರಡು ಹೊಳೆ ಒಂದು ಕಡೆ ಸೇರಿದ ಹಾಗೆ ಈ ಎರಡು ಪದಗಳು ಬೆರೆತಿರಬಹುದು ಅನ್ನುವುದು ನನಗೆ ಹೆಚ್ಚು ಒಪ್ಪಿತ.

ಗೋಂಧಳಿಗಳು ಹೇಳುವ ಕಥೆ ಬೇರೆಯೇ ಇದೆ. ಪರಶುರಾಮ ಬೇಟಾಸುರ ಅನ್ನುವ ರಾಕ್ಷಸನನ್ನು ಕೊಂದ. ಅವನ ತಲೆಯಿಂದ ತಂತಿಯ ವಾದ್ಯ ಮಾಡಿ, ತಾಯಿ ರೇಣುಕೆಯ ಮುಂದೆ ಬಾರಿಸಿ ಹಾಡಿದ. ಮೊದಲ ಗೋಂಧಳ್ ಅದೇ ಅನ್ನುತ್ತಾರೆ. ತುಂತುಣಿಯ ಒಂಟಿ ತಂತಿಯನ್ನು ಹತ್ತಿರದಿಂದ ನೋಡಿದ ಮೇಲೆ ಈ ಕಥೆ ಕೇಳಿದರೆ ಮರೆಯುವುದು ಕಷ್ಟ.

ಕರ್ನಾಟಕದಲ್ಲಿ ಗೊಂದಲಿಗರು ಈಗಲೂ ಇದ್ದಾರಾ?

ಇದ್ದಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡ, ಕಲಬುರಗಿ ಕಡೆಗಳಲ್ಲಿ ಗೊಂದಲಿಗರ ಮನೆತನಗಳು ಇವೆ. ಮನೆಯಲ್ಲಿ ಮರಾಠಿ ಬೆರೆತ ಮಾತು, ಮೇಳದಲ್ಲಿ ಕನ್ನಡದ ಹಾಡು. ಬಾಗಲಕೋಟೆಯ ಹಿರಿಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬದುಕಿಡೀ ಹಾಡಿದ್ದಲ್ಲದೆ ಎಷ್ಟೋ ಜನರಿಗೆ ಕಲಿಸಿದವರು ಅವರು. ಆ ಸುದ್ದಿ ಬಂದ ದಿನ ಗೊಂದಲ ಅನ್ನುವ ಪದ ಕನ್ನಡ ಪತ್ರಿಕೆಗಳಲ್ಲಿ ತನ್ನ ಹಳೆಯ ಅರ್ಥದಲ್ಲಿ ಬಂದಿದ್ದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಮಹಾರಾಷ್ಟ್ರದ ಗೋಂಧಳಿಗಳಲ್ಲಿ ರೇಣುರಾಯಿ, ಕದಮರಾಯಿ ಅಂತ ಎರಡು ಪಂಗಡ. ರೇಣುರಾಯಿಗಳು ಮಾಹೂರಿನ ರೇಣುಕೆಯ ಒಕ್ಕಲು, ಕದಮರಾಯಿಗಳು ತುಳಜಾಭವಾನಿಯ ಒಕ್ಕಲು. ಸರ್ಕಾರದ ಪಟ್ಟಿಯಲ್ಲಿ ಇವರದ್ದು ಅಲೆಮಾರಿ ಸಮುದಾಯ.

'ಜಾಗರಣ್ ಗೋಂಧಳ್' ಅಂತ ಒಟ್ಟಿಗೆ ಹೇಳುತ್ತಾರಲ್ಲ?

ಎರಡು ಬೇರೆ. ಗೋಂಧಳ್ ದೇವಿಯದು. ಜಾಗರಣ್ ಖಂಡೋಬನದು, ಅದನ್ನು ನಡೆಸುವವರು ವಾಘ್ಯಾ, ಮುರಳಿ, ಅಂದರೆ ಖಂಡೋಬನ ಸೇವೆಗೆ ನಿಂತ ಗಂಡಸರು, ಹೆಂಗಸರು. ಪುಣೆಗೆ ಹತ್ತಿರದ ಜೇಜುರಿ ಖಂಡೋಬನ ದೊಡ್ಡ ಕ್ಷೇತ್ರ. ನಮ್ಮ ಮೈಲಾರಲಿಂಗನೂ ಖಂಡೋಬನೂ ಒಂದೇ ಅಂತ ಎರಡೂ ಕಡೆಯವರು ನಂಬುತ್ತಾರೆ. ಅನೇಕ ಮನೆಗಳಲ್ಲಿ ಎರಡನ್ನೂ ಮಾಡಿಸುವ ಪದ್ಧತಿ ಇರುವುದರಿಂದ ಹೆಸರು ಜೋಡಿಯಾಗಿ ಬರುತ್ತದೆ.

ಬರೆಯುವಾಗ ಗೊಂದಲ, ಗೊಂದಳ, ಗೋಂಧಳ, ಯಾವುದು ಸರಿ?

ತಳಮಳ ಅನ್ನುವ ಅರ್ಥಕ್ಕೆ ಗೊಂದಲ. ಪೂಜೆಗೂ ಕನ್ನಡದಲ್ಲಿ ಗೊಂದಲ ಅಂತ ಬರೆಯಬಹುದು, ಉತ್ತರ ಕರ್ನಾಟಕದಲ್ಲಿ ಹಾಗೇ ರೂಢಿ. ಮರಾಠಿ ಆಚರಣೆಯ ಬಗ್ಗೆಯೇ ಬರೆಯುತ್ತಿದ್ದರೆ ಗೋಂಧಳ ಅಂತ ಮಹಾಪ್ರಾಣ ಕೊಟ್ಟು ಬರೆದರೆ ಓದುವವರಿಗೆ ಸಲೀಸು. ವಾದ್ಯದ ಹೆಸರನ್ನು ಮಾತ್ರ ಸಂಬಾಳ ಅಂತಲೇ ಬರೆಯಿರಿ. ಮರಾಠಿ ಉಚ್ಚಾರ ನೋಡಿ ಸಂಬಳ ಅಂತ ಬರೆದರೆ ಓದುವವರು ಪಗಾರ ಅಂದುಕೊಳ್ಳುತ್ತಾರೆ.

ಗಲಾಟೆಗೆ ಈ ಪದ ಬಳಸಿದರೆ ಗೊಂದಲಿಗರಿಗೆ ಅವಮಾನ ಆಗುತ್ತದಾ?

ಮರಾಠಿಯವರೇ ಎರಡೂ ಅರ್ಥದಲ್ಲಿ ದಿನವೂ ಬಳಸುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಗೋಂಧಳ್ ನಡೆಯುವ ಜಾಗದಲ್ಲೇ ನಿಂತು 'ಏನ್ ಗೊಂದಲಾನಪ್ಪಾ ಇದು' ಅಂದರೆ ಮನಸ್ಸಿಗೆ ನೋವಾಗುತ್ತದೆ. ಸದ್ದು ಜಾಸ್ತಿ ಆಯಿತು ಅನ್ನಿಸಿದರೆ ಸುಮ್ನೆ ಸ್ವಲ್ಪ ದೂರ ಹೋಗಿ ಕೂತುಕೊಳ್ಳಿ.

ನಮ್ಮ ಮನೆಯಲ್ಲೂ ಮಗಳ ಮದುವೆಯ ನಂತರ ಗೊಂದಲ ಹಾಕಿಸಬೇಕು. ಪುಣೆಯಲ್ಲಿ ಹೇಗೆ?

ಮೊದಲು ಊರಿನಲ್ಲಿ ವಿಚಾರಿಸಿ. ತಲೆತಲಾಂತರದಿಂದ ಬರುವ ಮನೆತನದ ಗೊಂದಲಿಗರು ಇದ್ದರೆ ಅವರನ್ನೇ ಕರೆಸುವುದು ಸರಿಯಾದ ಕ್ರಮ. ನಿಮ್ಮ ಕುಲದ ಹೆಸರು, ದೇವಿಯ ಹೆಸರು ಅವರ ಬಾಯಲ್ಲೇ ಇರುತ್ತದೆ. ಅವರು ಸಿಗದಿದ್ದರೆ ಪುಣೆಯ ದೇವಿ ಗುಡಿಗಳ ಅರ್ಚಕರನ್ನು ಕೇಳಿ. ಭವಾನಿ ಪೇಠೆಯ ಭವಾನಿ ಮಾತೆಯ ಗುಡಿ, ಊರದೇವಿ ತಾಂಬಡಿ ಜೋಗೇಶ್ವರಿಯ ಗುಡಿ, ಸೇನಾಪತಿ ಬಾಪಟ್ ರಸ್ತೆಯ ಚತುಃಶೃಂಗಿ, ಇಲ್ಲೆಲ್ಲ ನವರಾತ್ರಿಯಲ್ಲಿ ಜನ ತುಂಬಿರುತ್ತಾರೆ. ಆ ದಿನಗಳಲ್ಲಿ ಗೋಂಧಳಿಗಳಿಗೂ ಬಿಡುವು ಇರುವುದಿಲ್ಲ. ಮದುವೆ ತಿಂಗಳಲ್ಲೂ ಹಾಗೇ. ಮುಂಚೆಯೇ ಮಾತಾಡಿಕೊಳ್ಳಿ.

ಕನ್ನಡದಲ್ಲಿ ಹಾಡುವ ಮೇಳ ಬೇಕು ಅಂದರೆ ಅದನ್ನು ಮೊದಲೇ ಹೇಳಿ. ವಿಜಯಪುರ, ಸೋಲಾಪುರ ಕಡೆಯ ಮೇಳದವರು ಎರಡೂ ಭಾಷೆಯಲ್ಲಿ ನಡೆಸಿಕೊಡುವುದುಂಟು. ಮನೆಯಲ್ಲಿ ಅಜ್ಜಿ ಇದ್ದರೆ ನಿಮ್ಮ ಕಡೆಯ ಪದ್ಧತಿ ಏನು, ಕಬ್ಬೋ ಜೋಳದ ದಂಟೋ, ಯಾವ ವಾರ, ಯಾವ ನೈವೇದ್ಯ, ಎಲ್ಲ ಕೇಳಿ ಬರೆದಿಟ್ಟುಕೊಳ್ಳಿ. ಮನೆಯಿಂದ ಮನೆಗೆ ಇದು ಬೇರೆಯಾಗುತ್ತದೆ.

ಸೊಸೈಟಿಯಲ್ಲಿ ಮಾಡುವುದಾದರೆ ಕಮಿಟಿಗೆ ಒಂದು ಪತ್ರ ಕೊಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಬಯಲಿನಲ್ಲಿ ಜೋರಾಗಿ ವಾದ್ಯ ಬಾರಿಸುವುದಕ್ಕೂ ಈ ಹೊತ್ತಿನಲ್ಲಿ ತಡೆ ಇದೆ. ಅದಕ್ಕೇ ಈಗ ನಗರದಲ್ಲಿ ಬಹಳಷ್ಟು ಜನ ಸಂಜೆಯೇ ಶುರು ಮಾಡಿ ಹತ್ತರೊಳಗೆ ಆರತಿ ಮುಗಿಸುತ್ತಾರೆ. ಸಂಬಾಳಕ್ಕೆ ಮೈಕು ಬೇಕಾಗಿಯೇ ಇಲ್ಲ.

ಮೇಳದವರಿಗೆ ಒಪ್ಪಿದ ದಕ್ಷಿಣೆಯ ಜೊತೆಗೆ ಬಟ್ಟೆ, ಶಿಧಾ ಕೊಡುವುದು ರೂಢಿ. ಶಿಧಾ ಅಂದರೆ ಅಕ್ಕಿ, ಗೋಧಿ, ಬೇಳೆ, ಬೆಲ್ಲ, ಎಣ್ಣೆಯಂಥ ದಿನಸಿ. ದೂರದಿಂದ ಬಂದಿದ್ದರೆ ಹೋಗಿಬರುವ ಖರ್ಚು ನಿಮ್ಮದೇ. ರಾತ್ರಿ ಉಳಿಯಲು ಜಾಗ ಬೇಕಾದರೆ ಅದನ್ನೂ ಮೊದಲೇ ನೋಡಿಡಿ. ಊಟ ಮಾತ್ರ ಮನೆಯವರ ಪಂಕ್ತಿಯಲ್ಲೇ ಬಡಿಸಿ.